ಹೊಸ ಕಾರು ಪದೇ ಪದೇ ವರ್ಕ್‌ಶಾಪ್ ಸೇರುತ್ತಿದೆಯಾ? ದೋಷ ಎಲ್ಲಿದೆ ಅಂತ ಹೀಗೆ ಹುಡುಕಿ

ಕಾರು ಕೊಂಡು ಇನ್ನೂ ವರ್ಷ ತುಂಬಿರುವುದಿಲ್ಲ. ಅಷ್ಟರಲ್ಲೇ ವರ್ಕ್‌ಶಾಪಿನ ಗೇಟಿನವರಿಗೆ ನಿಮ್ಮ ನಂಬರ್ ಬಾಯಿಪಾಠ ಆಗಿರುತ್ತದೆ. ಪ್ರತಿ ಸಲವೂ ‘ಸರಿ ಮಾಡಿದ್ದೇವೆ, ಓಡಿಸಿ ನೋಡಿ’ ಅನ್ನುತ್ತಾರೆ. ಓಡಿಸಿ ನೋಡಿದರೆ ಮತ್ತೆ ಅದೇ ರಾಗ, ಅದೇ ತಾಳ.

ಇಂಥ ಕಾರಿನಲ್ಲಿ ದೋಷ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. ಒಂದು ಕಾರಿನೊಳಗೆ. ಇನ್ನೊಂದು ರಿಪೇರಿ ನಡೆಯುವ ರೀತಿಯಲ್ಲಿ. ತೊಂದರೆಯನ್ನು ಕಣ್ಣಾರೆ ನೋಡದೆ ಅಂದಾಜಿನ ಮೇಲೆ ಪಾರ್ಟ್ ಬದಲಿಸುತ್ತಾರೆ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಅಳಿಸಿ ಕಳಿಸುತ್ತಾರೆ, ನೀವು ಹೇಳಿದ್ದನ್ನು ಅರ್ಧಂಬರ್ಧ ಬರೆದುಕೊಳ್ಳುತ್ತಾರೆ. ಕಾರಿನ ದೋಷ ಸರಿ ಮಾಡುವುದು ಅವರ ಕೆಲಸ. ವಾರಂಟಿ ಇರುವಾಗ ನೀವು ಸ್ಪ್ಯಾನರ್ ಹಿಡಿಯಲು ಹೋಗಲೇಬೇಡಿ. ಆದರೆ ಎರಡನೇ ದೋಷವನ್ನು ಹಿಡಿಯುವುದು ನಿಮ್ಮ ಕೈಲಿದೆ, ಅದಕ್ಕೆ ಖರ್ಚೂ ಕಡಿಮೆ. ಈ ಕೈಪಿಡಿ ಜಾಸ್ತಿ ಅದರ ಬಗ್ಗೆಯೇ.

ಮೊದಲು: ಓಡಿಸಲೇಬಾರದ ಲಕ್ಷಣಗಳು

ಮುಂದಿನದನ್ನೆಲ್ಲ ನಿಧಾನವಾಗಿ ಓದಬಹುದು. ಇದನ್ನು ಮಾತ್ರ ಈಗಲೇ ನೋಡಿ.

ಬ್ರೇಕ್ ಪೆಡಲ್ ಒತ್ತಿದಾಗ ಮೆಲ್ಲಗೆ ಕೆಳಗೆ ಇಳಿಯುತ್ತಿದ್ದರೆ, ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಬಿಗಿಯಾದರೆ, ಓಡುತ್ತಿರುವಾಗಲೇ ಎಂಜಿನ್ ಆಫ್ ಆದರೆ, ಪೆಟ್ರೋಲ್ ವಾಸನೆ ಅಥವಾ ವೈರ್ ಸುಟ್ಟ ವಾಸನೆ ಬಂದರೆ ಕಾರನ್ನು ಪಕ್ಕಕ್ಕೆ ಹಾಕಿ. ಟೋ ಮಾಡಿಸಿಯೇ ವರ್ಕ್‌ಶಾಪಿಗೆ ಕಳಿಸಿ. ‘ಹೇಗೂ ಅಲ್ಲಿಗೇ ಹೋಗುತ್ತಿದ್ದೇನಲ್ಲ, ಓಡಿಸಿಕೊಂಡೇ ಹೋಗುತ್ತೇನೆ’ ಅನ್ನಬೇಡಿ. ಟೋ ಮಾಡಿದ ರಸೀದಿ ಮುಂದೆ ನಿಮಗೆ ದಾಖಲೆಯೂ ಆಗುತ್ತದೆ.

ಡ್ಯಾಶ್‌ಬೋರ್ಡಿನ ಬಣ್ಣಕ್ಕೆ ಅರ್ಥ ಇದೆ. ಕೆಂಪು ಅಂದರೆ ನಿಲ್ಲಿಸಿ, ಹಳದಿ ಅಂದರೆ ಬೇಗ ತೋರಿಸಿ. ಎಣ್ಣೆ ಡಬ್ಬಿಯ ಕೆಂಪು ಗುರುತು ಬಂದರೆ ಆಯಿಲ್ ಒತ್ತಡ ಇಲ್ಲ ಎಂದು ತಿಳಿದು ತಕ್ಷಣ ಎಂಜಿನ್ ಆಫ್ ಮಾಡಬೇಕು, ಇನ್ನೊಂದು ಕಿಲೋಮೀಟರ್ ಕೂಡ ಬೇಡ. ಟೆಂಪರೇಚರ್ ಏರಿದ್ದರೆ ನಿಲ್ಲಿಸಿ ಕಾಯಿರಿ. ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಹಳದಿ ಎಂಜಿನ್ ಲೈಟಿನಲ್ಲೂ ಎರಡು ಬಗೆ. ಸುಮ್ಮನೆ ಉರಿಯುತ್ತಿದ್ದರೆ ಮೆಲ್ಲಗೆ ಓಡಿಸಬಹುದು. ಮಿಟುಕುತ್ತಿದ್ದರೆ ಎಂಜಿನ್ ಮಿಸ್‌ಫೈರ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಆ ಸುಡದ ಇಂಧನ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟು ಆದಷ್ಟು ಬೇಗ ನಿಲ್ಲಿಸಿ.

ಏರ್‌ಬ್ಯಾಗ್ ಲೈಟ್ ಹತ್ತಿಕೊಂಡೇ ಇದ್ದರೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಡಿಕ್ಕಿಯಾದ ದಿನ ಮಾತ್ರ ಅದು ಬಿಚ್ಚಿಕೊಳ್ಳದೇ ಹೋಗಬಹುದು. ಸೀಟಿನ ಕೆಳಗಿರುವ ಹಳದಿ ಕನೆಕ್ಟರ್ ಕಿತ್ತು ನೋಡುವ ಸಾಹಸ ಬೇಡ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾಗಿದ್ದರೆ ಕಿತ್ತಳೆ ಬಣ್ಣದ ಕೇಬಲ್ ಹತ್ತಿರವೂ ಕೈ ಹಾಕಬೇಡಿ. ಅದರಲ್ಲಿ ನೂರಾರು ವೋಲ್ಟ್ ಹರಿಯುತ್ತಿರುತ್ತದೆ.

ಲಕ್ಷಣ: ‘ಚೆಕ್ ಮಾಡಿದೆವು, ಏನೂ ತೊಂದರೆ ಕಾಣಲಿಲ್ಲ’

ಪದೇ ಪದೇ ಹೋಗುವ ಕಾರುಗಳ ದೊಡ್ಡ ಕಾಯಿಲೆ ಇದೇ. ನಿಮ್ಮ ಕೈಯಲ್ಲಿ ಬರುವ ತೊಂದರೆ ಅವರ ಕೈಯಲ್ಲಿ ಬರುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲೇ ಅಂದುಕೊಳ್ಳಬೇಕಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಬರುವ ಸದ್ದನ್ನು ಮಧ್ಯಾಹ್ನ ಬಿಸಿ ಎಂಜಿನ್ನಿನಲ್ಲಿ ಹುಡುಕಿದರೆ ಹೇಗೆ ಸಿಗುತ್ತದೆ, ಅಲ್ವಾ?

ಖರ್ಚಿಲ್ಲದ ಮೊದಲ ಕೆಲಸ: ಹಿಂದಿನ ಜಾಬ್ ಕಾರ್ಡುಗಳನ್ನೆಲ್ಲ (ಕಾರು ಬಿಡುವಾಗ ನಿಮ್ಮ ದೂರು ಬರೆದುಕೊಳ್ಳುವ ವರ್ಕ್‌ಶಾಪಿನ ಹಾಳೆ) ತೆಗೆದು ಒಟ್ಟಿಗೆ ಹರಡಿ ಓದಿ. ದೂರಿನ ಜಾಗದಲ್ಲಿ ಏನು ಬರೆದಿದ್ದಾರೆ ನೋಡಿ. ಬಹಳ ಸಲ ಅಲ್ಲಿ ‘ಸದ್ದು ಬರುತ್ತಿದೆ’ ಅಂತ ಎರಡೇ ಪದ ಇರುತ್ತದೆ. ಕೆಳಗೆ ‘ಪರೀಕ್ಷಿಸಲಾಗಿದೆ, ಸರಿ ಇದೆ’. ಮುಂದಿನ ಸಲ ‘ಮುಂದೆ ಸದ್ದು’, ಅದರ ಮುಂದಿನ ಸಲ ‘ಸಸ್ಪೆನ್ಷನ್ ಚೆಕ್’. ನಿಮಗೆ ಅದು ಒಂದೇ ತೊಂದರೆ. ಕಾಗದದ ಮೇಲೆ ಮೂರು ಬೇರೆ ಬೇರೆ ತೊಂದರೆ. ನಾಳೆ ‘ಒಂದೇ ದೋಷಕ್ಕೆ ಇಷ್ಟು ಸಲ ತಂದಿದ್ದೇನೆ’ ಅಂತ ನೀವು ವಾದ ಮಾಡಿದರೆ ಆ ಕಾಗದ ನಿಮ್ಮ ಪರ ನಿಲ್ಲುವುದಿಲ್ಲ.

ಹಾಗಾಗಿ ದೂರನ್ನು ನೀವೇ ಮನೆಯಲ್ಲಿ ಬರೆದುಕೊಂಡು ಹೋಗಿ. ಹೀಗಿರಲಿ: ‘ರಾತ್ರಿಯಿಡೀ ನಿಂತಿದ್ದ ಕಾರನ್ನು ಬೆಳಿಗ್ಗೆ ಹೊರಗೆ ತೆಗೆದಾಗ, ಮೊದಲ ಐದು ನಿಮಿಷ, 20ರಿಂದ 30 ಕಿಲೋಮೀಟರ್ ವೇಗದಲ್ಲಿ, ಸ್ಟೀರಿಂಗ್ ಎಡಕ್ಕೆ ತಿರುಗಿಸಿದಾಗ ಮುಂದಿನ ಬಲಗಡೆಯಿಂದ ಟಕ್ ಎಂದು ಒಂದು ಸದ್ದು. ಎಂಜಿನ್ ಬಿಸಿಯಾದ ಮೇಲೆ ಇಲ್ಲ. ಹಿಂದಿನ ಜಾಬ್ ಕಾರ್ಡ್ ನಂಬರ್ ಇದು, ಅದೇ ದೂರು.’ ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಸರ್ವೀಸ್ ಅಡ್ವೈಸರ್ ಇದನ್ನು ಚಿಕ್ಕದು ಮಾಡಿ ಟೈಪ್ ಮಾಡಲು ನೋಡುತ್ತಾರೆ, ಅವರಿಗೂ ಹಿಂದೆ ಕ್ಯೂ ಇರುತ್ತದೆ. ನಗುತ್ತಲೇ, ಪೂರ್ತಿ ಹಾಕಿಸಿ. ಆಮೇಲೆ ಸಹಿ ಮಾಡಿ, ಪ್ರತಿ ತೆಗೆದುಕೊಳ್ಳಿ.

ಏನಾಗುತ್ತಿದೆ ಅನ್ನುವುದಕ್ಕಿಂತ ಯಾವಾಗ ಆಗುತ್ತಿದೆ ಅನ್ನುವುದು ಮೆಕ್ಯಾನಿಕ್‌ಗೆ ಹೆಚ್ಚು ಬೇಕು. ಎಂಜಿನ್ ತಣ್ಣಗೋ ಬಿಸಿಯೋ, ಎಷ್ಟು ವೇಗ, ಎಷ್ಟು ಆರ್‌ಪಿಎಂ, ಎಸಿ ಆನ್ ಇತ್ತಾ, ಮಳೆ ಬಂದಿತ್ತಾ, ಹಿಂದೆ ಜನ ಕೂತಿದ್ದರಾ, ಆಗಷ್ಟೇ ಇಂಧನ ಹಾಕಿಸಿದ್ದಿರಾ, ಏರು ರಸ್ತೆಯಾ. ಫೋನಿನಲ್ಲೇ ಒಂದು ನೋಟ್ ಇಟ್ಟುಕೊಂಡು ಪ್ರತಿ ಸಲ ದಿನಾಂಕ, ಕಿಲೋಮೀಟರ್ ಜೊತೆ ಗುರುತು ಹಾಕಿ. ಸ್ವಲ್ಪ ದಿನ ಕಳೆದ ಮೇಲೆ ಓದಿದರೆ ನಿಮಗೇ ಒಂದು ಜಾಡು ಕಾಣುತ್ತದೆ.

ವಿಡಿಯೋ ಮಾಡಿ, ಆದರೆ ಪಕ್ಕದಲ್ಲಿ ಕೂತವರು ಮಾಡಲಿ. ಸ್ಪೀಡೋಮೀಟರ್, ಆರ್‌ಪಿಎಂ, ಓಡೋಮೀಟರ್ ಒಂದೇ ಚೌಕಟ್ಟಿನಲ್ಲಿ ಬರಬೇಕು. ಬರೀ ಸದ್ದಿನ ವಿಡಿಯೋ ಕೊಟ್ಟರೆ ಯಾವ ಕಾರು, ಯಾವ ದಿನ ಅನ್ನುವ ಪ್ರಶ್ನೆ ಬರುತ್ತದೆ.

ಇಷ್ಟಕ್ಕೂ ಸಿಗದಿದ್ದರೆ ಮೂರು ಕೇಳಬಹುದು. ಟೆಕ್ನೀಷಿಯನ್ ಜೊತೆ ನೀವೇ ಸ್ಟೀರಿಂಗ್ ಹಿಡಿದು ಟೆಸ್ಟ್ ಡ್ರೈವ್ ಹೋಗುವುದು. ತಣ್ಣಗಿರುವಾಗ ಮಾತ್ರ ಬರುವ ತೊಂದರೆಯಾದರೆ ಹಿಂದಿನ ಸಂಜೆಯೇ ಕಾರು ಬಿಟ್ಟು, ಬೆಳಿಗ್ಗೆ ನಿಮ್ಮೆದುರಿಗೇ ಸ್ಟಾರ್ಟ್ ಮಾಡಿಸುವುದು. ಮೂರನೆಯದು ಹಲವರಿಗೆ ಗೊತ್ತಿಲ್ಲ: ಕೆಲವು ಕಂಪನಿಗಳ ವರ್ಕ್‌ಶಾಪಿನಲ್ಲಿ ಕಾರಿಗೆ ಸಿಕ್ಕಿಸುವ ಡೇಟಾ ರೆಕಾರ್ಡರ್ ಇರುತ್ತದೆ. ಅದನ್ನು ಹಾಕಿಸಿಕೊಂಡು ಕೆಲವು ದಿನ ಓಡಾಡಿ, ತೊಂದರೆ ಬಂದ ಗಳಿಗೆಯಲ್ಲಿ ಬಟನ್ ಒತ್ತಿದರೆ ಆಗಿನ ಸೆನ್ಸರ್ ಲೆಕ್ಕವೆಲ್ಲ ಉಳಿಯುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

‘ಈ ಮಾಡೆಲ್ಲಿನಲ್ಲಿ ಎಲ್ಲ ಕಾರೂ ಹೀಗೇ’ ಅನ್ನುವ ಉತ್ತರ ಬಂದರೆ, ಅದೇ ಮಾಡೆಲ್ಲಿನ ಇನ್ನೊಂದು ಕಾರನ್ನು ಅಲ್ಲೇ ಓಡಿಸಿ ನೋಡಿ. ಅದರಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಅದರಲ್ಲೂ ಇದ್ದರೆ ಎರಡು ಅರ್ಥ. ನಿಜಕ್ಕೂ ಅದು ಆ ಕಾರಿನ ಗುಣ ಇರಬಹುದು. ಎಸಿ ಹಾಕಿದಾಗ ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ಆಫ್ ಆಗುವ ವ್ಯವಸ್ಥೆ) ಕೆಲಸ ಮಾಡದಿರುವುದು, ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಿರುಗುವುದು, ಇವೆಲ್ಲ ದೋಷ ಅಲ್ಲ. ಇಲ್ಲವೇ ಎಲ್ಲ ಕಾರಿಗೂ ಬರುವ ತಯಾರಿಕೆ ದೋಷ ಇರಬಹುದು. ಅಂಥದ್ದಕ್ಕೆ ಕಂಪನಿ ತನ್ನ ಡೀಲರುಗಳಿಗೆ ಸರ್ವೀಸ್ ಬುಲೆಟಿನ್, ಅಂದರೆ ಹೀಗೆ ರಿಪೇರಿ ಮಾಡಿ ಎಂಬ ಸೂಚನೆ, ಕಳಿಸಿರುತ್ತದೆ. ‘ಇದಕ್ಕೆ ಬುಲೆಟಿನ್ ಇದೆಯಾ, ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ’ ಎಂದು ಹೆಸರು ಹಿಡಿದು ಕೇಳಿ. 17 ಅಕ್ಷರದ ಚಾಸಿ ನಂಬರ್ ಕೊಟ್ಟು ರೀಕಾಲ್ (ಕಂಪನಿಯೇ ಕಾರನ್ನು ವಾಪಸ್ ಕರೆಸಿ ದೋಷ ಸರಿ ಮಾಡುವುದು) ಬಾಕಿ ಇದೆಯಾ ಎಂದೂ ನೋಡಿಸಿ.

ಎಷ್ಟು ಬೇಗ ಮರಳಿ ಬಂತು?

ಇದು ಲಕ್ಷಣದೊಳಗಿನ ಲಕ್ಷಣ. ಯಾರೂ ಇದನ್ನು ಗಮನಿಸುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದರಷ್ಟು ಬಾಯಿ ಬಿಡುವ ಸುಳಿವು ಇನ್ನೊಂದಿಲ್ಲ.

ಗೇಟು ದಾಟುವ ಮೊದಲೇ ಅಥವಾ ಅದೇ ದಿನ ಬಂದರೆ ರಿಪೇರಿಯೇ ಆಗಿಲ್ಲ, ಅಥವಾ ಮಾಡಿದ ಮೇಲೆ ಯಾರೂ ಓಡಿಸಿ ನೋಡಿಲ್ಲ. ಬಿಲ್ಲಿನಲ್ಲಿ ಟೆಸ್ಟ್ ಡ್ರೈವ್‌ ಹೊರಡುವಾಗಿನ ಮತ್ತು ಮರಳಿದಾಗಿನ ಕಿಲೋಮೀಟರ್ ಇದೆಯಾ ನೋಡಿ. ನೀವು ಬಿಟ್ಟಾಗ ಇದ್ದ ರೀಡಿಂಗೇ ವಾಪಸ್ ತೆಗೆದುಕೊಳ್ಳುವಾಗಲೂ ಇದ್ದರೆ ಕಾರು ರಸ್ತೆಗೆ ಇಳಿದೇ ಇಲ್ಲ.

ಕೆಲವು ದಿನ, ಒಂದೆರಡು ವಾರ ಚೆನ್ನಾಗಿದ್ದು ನಿಧಾನವಾಗಿ ಮರಳಿದರೆ ಏನನ್ನೋ ರೀಸೆಟ್ ಮಾಡಿದ್ದಾರೆ ಎಂದು ಅನುಮಾನಿಸಬಹುದು. ಆಟೋಮ್ಯಾಟಿಕ್ ಗೇರಿನ ಕಂಪ್ಯೂಟರ್ ನಿಮ್ಮ ಓಟ ನೋಡಿ ಕ್ಲಚ್ ಹಿಡಿತದ ಲೆಕ್ಕ ಕಲಿಯುತ್ತದೆ. ಆ ಕಲಿಕೆಯನ್ನು ಅಳಿಸಿದರೆ ಗೇರ್ ಜರ್ಕ್ ಸ್ವಲ್ಪ ದಿನ ಮಾಯ. ಒಳಗಿನ ಕ್ಲಚ್ ಪ್ಯಾಕೋ ವಾಲ್ವೋ ಕೆಟ್ಟಿದ್ದರೆ ಕಂಪ್ಯೂಟರ್ ಮತ್ತೆ ಅದೇ ಲೆಕ್ಕಕ್ಕೆ ಬಂದು ನಿಲ್ಲುತ್ತದೆ, ಜರ್ಕ್ ಕೂಡ. ಇನ್ನೊಂದು ಸಲ ರೀಸೆಟ್ ಬೇಡ, ಒಳಗಿನ ಪಾರ್ಟ್ ನೋಡಿ ಎಂದು ಬರೆಸಿ.

ತಿಂಗಳುಗಟ್ಟಲೆ ಸುಮ್ಮನಿದ್ದು, ಬದಲಿಸಿದ ಪಾರ್ಟೇ ಮತ್ತೆ ಕೆಟ್ಟರೆ ಆ ಪಾರ್ಟ್ ಅಪರಾಧಿಯಲ್ಲ, ಬಲಿಪಶು. ಎರಡನೇ ಬ್ಯಾಟರಿ, ಎರಡನೇ ಇಗ್ನಿಷನ್ ಕಾಯಿಲ್, ಎರಡನೇ ಹೆಡ್‌ಲೈಟ್ ಯೂನಿಟ್ ಹೋಗುತ್ತಿದೆ ಅಂದರೆ ಅದನ್ನು ಕೊಲ್ಲುತ್ತಿರುವುದು ಬೇರೆ: ನೀರು, ಸಡಿಲ ಅರ್ಥಿಂಗ್, ತಪ್ಪಿದ ವೋಲ್ಟೇಜ್. ‘ಪಾರ್ಟ್ ಬದಲಿಸಿ’ ಎಂದು ಕೇಳುವುದು ನಿಲ್ಲಿಸಿ, ‘ಯಾಕೆ ಹೋಯಿತು’ ಎಂದು ಕೇಳಲು ಶುರು ಮಾಡಿ.

ಲಕ್ಷಣ: ಎಂಜಿನ್ ಲೈಟ್ ಆರುತ್ತದೆ, ಮತ್ತೆ ಹತ್ತುತ್ತದೆ

ನಗಬೇಡಿ, ಮೊದಲು ಇಂಧನ ಟ್ಯಾಂಕಿನ ಮುಚ್ಚಳ ನೋಡಿ. ಪೆಟ್ರೋಲ್ ಕಾರಿನಲ್ಲಿ ಮುಚ್ಚಳ ಸರಿಯಾಗಿ ಕೂರದೆ ಆವಿ ಸೋರಿದರೂ ಈ ಲೈಟ್ ಬರಬಹುದು. ಟಕ ಟಕ ಅನ್ನುವವರೆಗೆ ತಿರುಗಿಸಿ, ರಬ್ಬರ್ ವಾಷರ್ ಸೀಳಿದೆಯಾ ನೋಡಿ. ಸರಿಯಾಗಿ ಮುಚ್ಚಿದ ಮೇಲೂ ಲೈಟ್ ಆರಲು ಕೆಲವು ದಿನದ ಓಡಾಟ ಬೇಕು.

ಆಮೇಲೆ ಬೇಕಿದ್ದರೆ ಒಂದು ಬ್ಲೂಟೂತ್ ಓಬಿಡಿ ರೀಡರ್, ಅಂದರೆ ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಪುಟ್ಟ ಸಾಧನ. ದೊಡ್ಡ ಖರ್ಚಲ್ಲ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅಲ್ಲಿ ಸಿಕ್ಕಿಸಿದರೆ ಫೋನಿನಲ್ಲಿ ಕೋಡ್ ಕಾಣುತ್ತದೆ. ಪಿ ಅಂದರೆ ಎಂಜಿನ್ ಮತ್ತು ಗೇರ್, ಸಿ ಅಂದರೆ ಬ್ರೇಕ್-ಸ್ಟೀರಿಂಗ್ ಕಡೆ, ಬಿ ಅಂದರೆ ಬಾಡಿ, ಯು ಅಂದರೆ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಜಾಲದ ತೊಂದರೆ. ಒಟ್ಟಿಗೆ ರಾಶಿ ಯು ಕೋಡ್ ಬಂದಿದ್ದರೆ ರಾಶಿ ಪಾರ್ಟ್ ಕೆಟ್ಟಿದೆ ಅಂತಲ್ಲ. ಮೊದಲು ಬ್ಯಾಟರಿ ವೋಲ್ಟೇಜ್ ಮತ್ತು ಅರ್ಥಿಂಗ್ ನೋಡಿಸಿ.

ಕೋಡ್ ಅನ್ನುವುದು ತೀರ್ಪಲ್ಲ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್‌ಫೈರ್ ಆಗಿದೆ ಎಂದಷ್ಟೇ. ಸ್ಪಾರ್ಕ್ ಪ್ಲಗ್, ಕಾಯಿಲ್, ಇಂಜೆಕ್ಟರ್, ಕಂಪ್ರೆಷನ್, ಯಾವುದಾದರೂ ಇರಬಹುದು. ಪಿ0420 ಬಂದ ಕೂಡಲೇ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವವರಿದ್ದಾರೆ. ಸೈಲೆನ್ಸರ್ ಪೈಪಿನ ಸೋರಿಕೆಯೂ ಅದೇ ಕೋಡ್ ತರಬಹುದು. ಒಳ್ಳೆಯ ಟೆಕ್ನೀಷಿಯನ್ ಒಂದನೇ ಸಿಲಿಂಡರಿನ ಕಾಯಿಲನ್ನು ಪಕ್ಕದ ಎರಡನೇ ಸಿಲಿಂಡರಿಗೆ ಹಾಕಿ ನೋಡುತ್ತಾರೆ. ಕೋಡ್ ಪಿ0302 ಆದರೆ ತಪ್ಪು ಕಾಯಿಲಿನದ್ದೇ. ಇಂಥ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿದರೆ ಉತ್ತರದಲ್ಲೇ ಕೆಲಸದ ಗುಣ ಗೊತ್ತಾಗುತ್ತದೆ.

ಈಗ ರೀಡರಿನ ನಿಜವಾದ ಉಪಯೋಗ. ಕೋಡ್ ಜೊತೆ ‘ಫ್ರೀಜ್ ಫ್ರೇಮ್’ ಅಂತ ಒಂದು ಪುಟ ಇರುತ್ತದೆ: ದೋಷ ದಾಖಲಾದ ಕ್ಷಣದಲ್ಲಿ ವೇಗ ಎಷ್ಟು, ಆರ್‌ಪಿಎಂ ಎಷ್ಟು, ಎಂಜಿನ್ ಎಷ್ಟು ಬಿಸಿ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ‘ಯಾವಾಗ’ ಅನ್ನುವ ಪ್ರಶ್ನೆಗೆ ಕಾರೇ ಬರೆದುಕೊಟ್ಟ ಉತ್ತರ ಅದು. ಇನ್ನೊಂದು ಪುಟ ರೆಡಿನೆಸ್ ಮಾನಿಟರ್. ಎಂಜಿನ್ ತನ್ನ ಭಾಗಗಳನ್ನು ತಾನೇ ಪರೀಕ್ಷೆ ಮಾಡಿ ಮುಗಿಸಿದ ಪಟ್ಟಿ ಇದು. ಕೋಡ್ ಅಳಿಸಿದರೆ ಈ ಪಟ್ಟಿಯೂ ಖಾಲಿಯಾಗಿ ‘ಪೂರ್ತಿಯಾಗಿಲ್ಲ’ ಎಂದು ತೋರಿಸುತ್ತದೆ, ಮತ್ತೆ ತುಂಬಲು ಹಲವು ಓಡಾಟ ಬೇಕು. ವರ್ಕ್‌ಶಾಪಿನಿಂದ ಬಂದ ದಿನ ಪಟ್ಟಿ ಖಾಲಿ ಇದೆ, ಬಿಲ್ಲಿನಲ್ಲಿ ಯಾವ ಪಾರ್ಟೂ ಇಲ್ಲ ಅಂದರೆ ಲೈಟ್ ಆರಿಸಿ ಕಳಿಸಿದ್ದಾರೆ ಅಷ್ಟೇ. ಬ್ಯಾಟರಿ ಕಳಚಿದರೂ ಹಲವು ಕಾರುಗಳಲ್ಲಿ ಪಟ್ಟಿ ಖಾಲಿಯಾಗುತ್ತದೆ, ಅದನ್ನೂ ನೆನಪಿಟ್ಟುಕೊಂಡೇ ಮಾತಾಡಿ.

ಎರಡು ಎಚ್ಚರಿಕೆ. ನೀವಾಗಿ ಕೋಡ್ ಅಳಿಸಬೇಡಿ, ಸಾಕ್ಷಿಯೇ ಹೋಗುತ್ತದೆ. ರೀಡರನ್ನು ಸಾಕೆಟ್ಟಿನಲ್ಲೇ ಬಿಡಬೇಡಿ, ಅದು ಬ್ಯಾಟರಿ ಕುಡಿಯುತ್ತದೆ, ‘ಇದರಿಂದಲೇ ತೊಂದರೆ’ ಅನ್ನಲು ನೆಪವೂ ಸಿಗುತ್ತದೆ.

ಲಕ್ಷಣ: ಎರಡು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ

ಒಂದು ಮಲ್ಟಿಮೀಟರ್ ಸಾಕು. ಕೆಲವು ಗಂಟೆ ಸುಮ್ಮನೆ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಹತ್ತಿರ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಖಾಲಿ ಅನ್ನಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರವರೆಗೆ ಇರಬೇಕು. ಹೊಸ ಕಾರುಗಳಲ್ಲಿ ಚಾರ್ಜಿಂಗ್ ಅನ್ನು ಕಂಪ್ಯೂಟರ್ ಏರಿಸಿ ಇಳಿಸುವುದರಿಂದ ಒಂದೇ ಸಲದ ರೀಡಿಂಗ್ ನೋಡಿ ಗಾಬರಿ ಬೇಡ.

ರಾತ್ರಿ ತುಂಬಿದ್ದು ಬೆಳಿಗ್ಗೆ ಇಳಿದಿದ್ದರೆ ಯಾವುದೋ ಒಂದು ಕದ್ದು ಕುಡಿಯುತ್ತಿದೆ. ಬೀಗ ಹಾಕಿದ ಮೇಲೆ ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗಬೇಕು. ಪೂರ್ತಿ ಮಲಗಲು ಕೆಲವು ಕಾರಿಗೆ ಅರ್ಧ ಗಂಟೆ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು. ಆಮೇಲೆ 50 ಮಿಲಿಆಂಪಿಯರ್ ಒಳಗೆ ಕರೆಂಟ್ ಹರಿದರೆ ಸಾಮಾನ್ಯ. ಲೆಕ್ಕ ಹಾಕಿ ನೋಡಿ: 50 ಆಂಪಿಯರ್-ಅವರ್ ಬ್ಯಾಟರಿ ಆ ವೇಗದಲ್ಲಿ ಖಾಲಿಯಾಗಲು 40 ದಿನ ಬೇಕು. ಯಾವುದೋ ಒಂದು ಯೂನಿಟ್ ಮಲಗದೆ ಅರ್ಧ ಆಂಪಿಯರ್ ಎಳೆದರೆ ನಾಲ್ಕೇ ದಿನ. ಸ್ಟಾರ್ಟ್ ಆಗದಿರಲು ಪೂರ್ತಿ ಖಾಲಿಯಾಗಬೇಕಾಗಿಯೂ ಇಲ್ಲ. ಅದಕ್ಕೇ ಶನಿವಾರ ನಿಲ್ಲಿಸಿದ ಕಾರು ಸೋಮವಾರ ಏಳುವುದಿಲ್ಲ.

ಮೊದಲು ಹೊರಗಿನಿಂದ ಹಾಕಿಸಿದ್ದನ್ನು ತೆಗೆದು ನೋಡಿ: ಡ್ಯಾಶ್‌ಕ್ಯಾಮ್, ಟ್ರ್ಯಾಕರ್, ಆಂಪ್ಲಿಫೈಯರ್. ಡಿಕ್ಕಿಯ ದೀಪ ಆರುತ್ತಿದೆಯಾ ಅಂತ ಫೋನಿನಲ್ಲಿ ವಿಡಿಯೋ ಇಟ್ಟು ಡಿಕ್ಕಿ ಮುಚ್ಚಿ. ಕೆಲವು ಕೀಲೆಸ್ ಕಾರುಗಳು ಕೀ ತುಂಬಾ ಹತ್ತಿರ ಇದ್ದರೆ ಎದ್ದೇ ಇರುತ್ತವೆ, ಕೀಯನ್ನು ದೂರ ಇಟ್ಟು ನೋಡಿ. ಇಷ್ಟಾದ ಮೇಲೂ ಇಳಿದರೆ ಜಾಬ್ ಕಾರ್ಡಿನಲ್ಲಿ ‘ಬ್ಯಾಟರಿ ಚೆಕ್’ ಅಂತ ಬೇಡ, ‘ಕಾರು ಮಲಗಿದ ಮೇಲೆ ಹರಿಯುವ ಕರೆಂಟ್ ಅಳೆದು ರೀಡಿಂಗ್ ಬರೆದುಕೊಡಿ’ ಅಂತ ಹಾಕಿಸಿ. ಫ್ಯೂಸ್ ಕಿತ್ತು ಹುಡುಕುವ ಕೆಲಸ ಅವರಿಗೇ ಬಿಡಿ. ಎಲೆಕ್ಟ್ರಿಕ್ ಕಾರಿನಲ್ಲೂ ಇದೇ ಕಥೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತರೆ ಕಾರು ಆನ್ ಆಗುವುದಿಲ್ಲ.

ಜಂಪ್ ಸ್ಟಾರ್ಟ್ ಮಾಡುವುದಾದರೆ ಮೊದಲು ಕಾರಿನ ಪುಸ್ತಕದಲ್ಲಿ ತೋರಿಸಿದ ಜಾಗ ನೋಡಿ. ಕೆಂಪು ಎರಡೂ ಕಡೆ ಮೊದಲು, ಕಪ್ಪು ಒಳ್ಳೆಯ ಬ್ಯಾಟರಿಗೆ, ಕೊನೆಯ ಕಪ್ಪು ಮಾತ್ರ ನಿಂತ ಕಾರಿನ ಬ್ಯಾಟರಿಗಲ್ಲ, ಅದರಿಂದ ದೂರದ ಖಾಲಿ ಲೋಹಕ್ಕೆ. ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಲಕ್ಷಣ: ಸದ್ದು, ನಡುಕ, ಒಂದು ಕಡೆಗೆ ಎಳೆತ

ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಕಾರು ಎಡಕ್ಕೆ ಎಳೆಯುತ್ತಿದ್ದರೆ, ಅಲೈನ್‌ಮೆಂಟ್ ಮೇಲೆ ಅಲೈನ್‌ಮೆಂಟ್ ಮಾಡಿಸುವ ಮೊದಲು ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಿಸಿ (ಒಂದೇ ದಿಕ್ಕಿನ ಬಾಣದ ಗುರುತಿರುವ ಟೈರಾದರೆ ಬೇಡ). ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನದ್ದು. ಟೈರಿಗೆ ಹಲವು ಸಲ ಟೈರ್ ಕಂಪನಿಯದ್ದೇ ಬೇರೆ ವಾರಂಟಿ ಇರುತ್ತದೆ. ಎಳೆತ ಹಾಗೇ ಇದ್ದರೆ ಅಲೈನ್‌ಮೆಂಟ್ ಅಥವಾ ಹಿಡಿದುಕೊಂಡಿರುವ ಬ್ರೇಕ್. ಬ್ರೇಕ್ ಹೆಚ್ಚು ಒತ್ತದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಿ. ಮುಟ್ಟಬೇಡಿ, ಒಂದರಿಂದ ಮಾತ್ರ ಝಳ ಹೊಡೆಯುತ್ತಿದ್ದರೆ ಅದೇ.

ನಡುಕ ನಿರ್ದಿಷ್ಟ ವೇಗದಲ್ಲಿ ಮಾತ್ರ ಬಂದು ಹೋದರೆ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಬ್ರೇಕ್ ಡಿಸ್ಕ್. ಹೂಂ ಅನ್ನುವ ಸದ್ದು ವೇಗದ ಜೊತೆ ಏರುತ್ತಾ, ಉದ್ದದ ಎಡ ತಿರುವಿನಲ್ಲಿ ಜೋರಾದರೆ ಬಲಗಡೆಯ ವೀಲ್ ಬೇರಿಂಗ್ ಅನುಮಾನ, ಏಕೆಂದರೆ ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗಲೂ ಬರುವ ಸದ್ದು ಚಕ್ರದ್ದಲ್ಲ, ಎಂಜಿನ್ ಕಡೆಯದ್ದು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಿರಿಕಿರಿ ಬಗ್ಗೆ ನನ್ನ ಸಲಹೆ ಒಂದೇ: ಅದಕ್ಕಾಗಿ ಪದೇ ಪದೇ ಡ್ಯಾಶ್ ಬಿಚ್ಚಿಸಬೇಡಿ. ಬಿಚ್ಚಿದಷ್ಟೂ ಕ್ಲಿಪ್ ಸಡಿಲವಾಗಿ ಸದ್ದು ಮರಿ ಹಾಕುತ್ತದೆ.

ಲಕ್ಷಣ: ಕಾಲಿನ ಕೆಳಗೆ ಒದ್ದೆ

ಎಸಿ ಹಾಕಿದ ದಿನ ಮಾತ್ರ ಮುಂದಿನ ಮ್ಯಾಟ್ ಒದ್ದೆಯಾದರೆ ಎಸಿ ನೀರು ಹೋಗುವ ಪೈಪ್ ಕಟ್ಟಿದೆ. ಮಳೆ ಬಂದಾಗ ಮಾತ್ರ ಆದರೆ ಸನ್‌ರೂಫಿನ ನೀರು ಇಳಿಯುವ ದಾರಿ, ಬಾಗಿಲ ಒಳಗಿನ ಪ್ಲಾಸ್ಟಿಕ್ ಹಾಳೆ, ವೈಪರ್ ಕೆಳಗಿನ ತೂತುಗಳು. ಅಂಟಂಟಾಗಿ, ಸಿಹಿ ವಾಸನೆ ಇದ್ದರೆ ಕೂಲಂಟ್, ಮಟ್ಟ ನೋಡಿ. ಇದನ್ನು ಚಿಕ್ಕ ದೂರು ಅಂದುಕೊಳ್ಳಬೇಡಿ. ಹಲವು ಕಾರುಗಳಲ್ಲಿ ವೈರಿಂಗ್ ಮತ್ತು ಕನೆಕ್ಟರ್ ಕಾರ್ಪೆಟ್ ಕೆಳಗೇ ಹೋಗುತ್ತವೆ. ಈ ಮಳೆಗಾಲದ ಒದ್ದೆ ಮುಂದಿನ ವರ್ಷದ ವಿಚಿತ್ರ ಎಲೆಕ್ಟ್ರಿಕಲ್ ತೊಂದರೆ. ಕಾರ್ಪೆಟ್ ಎತ್ತಿ ಒಣಗಿಸಿದ್ದಾರಾ ಎಂದು ಫೋಟೋ ಕೇಳಿ.

ಲಕ್ಷಣ: ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ

ಹೊಸ ತೊಂದರೆ ಶುರುವಾದ ದಿನಾಂಕವನ್ನು ಹಿಂದಿನ ರಿಪೇರಿಯ ದಿನಾಂಕದ ಪಕ್ಕ ಇಟ್ಟು ನೋಡಿ. ಗೇರ್ ಬಾಕ್ಸ್ ಇಳಿಸಿದ ಮರುದಿನ ಪಾರ್ಕಿಂಗ್ ಸೆನ್ಸರ್ ಸತ್ತರೆ ಕಾಕತಾಳೀಯ ಅಲ್ಲ, ಯಾವುದೋ ಕನೆಕ್ಟರ್ ಪೂರ್ತಿ ಕೂತಿಲ್ಲ. ಅದನ್ನು ‘ಹೊಸ ದೂರು’ ಎಂದು ಬರೆಯಲು ಬಿಡಬೇಡಿ, ‘ಇಂಥ ರಿಪೇರಿ ಆದ ಮೇಲೆ ಶುರುವಾಯಿತು’ ಎಂದೇ ಹಾಕಿಸಿ. ಕಾರು ಬಿಡುವಾಗ ಸುತ್ತ ಒಂದು ವಿಡಿಯೋ, ಎಂಜಿನ್ ಕೋಣೆಯ ಒಂದು ಫೋಟೋ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಿ.

ಇಲ್ಲಿ ನಿಮ್ಮ ಕಡೆಯದ್ದೂ ನೋಡಿಕೊಳ್ಳಿ. ಹೊರಗಿನ ಅಂಗಡಿಯಲ್ಲಿ ವೈರ್ ಸೀಳಿ ಲೈಟ್, ಹಾರ್ನ್, ಸ್ಕ್ರೀನ್ ಹಾಕಿಸಿದ್ದರೆ ಅದನ್ನು ಕಳಚಿ ಸ್ವಲ್ಪ ದಿನ ಓಡಿಸಿ. ತೊಂದರೆ ಹೋದರೆ ಗೊತ್ತಾಯಿತು. ಹೋಗದಿದ್ದರೆ ಅವರ ನೆಪ ಒಂದು ಕಡಿಮೆಯಾಯಿತು.

ಲಕ್ಷಣ: ‘ಇದು ವಾರಂಟಿಗೆ ಬರುವುದಿಲ್ಲ’, ‘ಪಾರ್ಟ್ ಬರಬೇಕು’

ಸವೆಯುವ ವಸ್ತುಗಳಾದ ಬ್ರೇಕ್ ಪ್ಯಾಡ್, ವೈಪರ್, ಕ್ಲಚ್ ಪ್ಲೇಟ್‌ಗೆ ಸಾಮಾನ್ಯವಾಗಿ ವಾರಂಟಿ ಇಲ್ಲ ಅಥವಾ ಕಡಿಮೆ ಅವಧಿಗೆ ಮಾತ್ರ. ಅದು ಬಿಟ್ಟು ಬೇರೆ ಯಾವುದಕ್ಕಾದರೂ ಇಲ್ಲ ಅಂದರೆ, ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಬಾಯಲ್ಲಿ ಬಂದ ‘ಇಲ್ಲ’ ಎಷ್ಟೋ ಸಲ ಕಾಗದಕ್ಕೆ ಇಳಿಯುವಾಗ ‘ನೋಡೋಣ’ ಆಗುತ್ತದೆ. ಇಂಧನ ಕಲಬೆರಕೆ ಅಂದರೆ ಪರೀಕ್ಷೆಯ ವರದಿ ಕೇಳಿ. ಇಲಿ ಕಡಿದಿದೆ ಅಂದರೆ ಫೋಟೋ ಕೇಳಿ. ಹಳೇ ಪಾರ್ಟನ್ನು ಕಂಪನಿಗೆ ಕಳಿಸುವ ಮೊದಲು ನಿಮಗೆ ತೋರಿಸಲು ಹೇಳಿ.

ಪಾರ್ಟ್ ಬರಬೇಕು ಅಂದರೆ ಆರ್ಡರ್ ಮಾಡಿದ ದಿನಾಂಕ ಇರುವ ಒಂದು ಇಮೇಲ್ ತೆಗೆದುಕೊಳ್ಳಿ. ಅಷ್ಟರಲ್ಲಿ ವಾರಂಟಿ ಮುಗಿಯುವುದಿದ್ದರೆ, ಮುಗಿಯುವ ಮೊದಲೇ ದೂರು ದಾಖಲಾಗಿದೆ ಎಂಬ ಸಾಲು ಅದರಲ್ಲಿ ಇರಲಿ.

ಯಾವಾಗ ಮೇಲಕ್ಕೆ ಹೋಗಬೇಕು

ಬ್ರೇಕ್, ಸ್ಟೀರಿಂಗ್, ಬೆಂಕಿ, ಓಡುವಾಗ ಆಫ್ ಆಗುವುದು, ಇವಕ್ಕೆ ಎರಡನೇ ಸಲವೇ ಸಾಕು. ಉಳಿದವುಗಳಲ್ಲಿ ಮೂರನೇ ಸಲಕ್ಕೂ ಅದೇ ದೂರು ಬಂದರೆ ಸರ್ವೀಸ್ ಅಡ್ವೈಸರ್ ಜೊತೆ ಮಾತು ಸಾಕು. ಸರ್ವೀಸ್ ಮ್ಯಾನೇಜರ್, ಆಮೇಲೆ ನೇರ ಕಾರು ತಯಾರಿಸಿದ ಕಂಪನಿಯ ಗ್ರಾಹಕ ವಿಭಾಗ. ಫೋನ್ ಮಾಡಿದರೂ ಅದೇ ದಿನ ಇಮೇಲಿನಲ್ಲಿ ಒಂದು ಸಾರಾಂಶ ಕಳಿಸಿ ದೂರಿನ ನಂಬರ್ ತೆಗೆದುಕೊಳ್ಳಿ. ಡೀಲರ್ ಬೇರೆ, ಕಂಪನಿ ಬೇರೆ. ಎಷ್ಟೋ ಸಲ ನಿಮ್ಮ ಕಾರಿನ ಪಾಡು ಕಂಪನಿಗೆ ಗೊತ್ತೇ ಇರುವುದಿಲ್ಲ. ಕಂಪನಿಯ ಫೀಲ್ಡ್ ಎಂಜಿನಿಯರ್ ಬಂದು ನೋಡಲಿ ಎಂದು ಕೇಳಿ, ಅಥವಾ ಅದೇ ಕಂಪನಿಯ ಇನ್ನೊಂದು ಅಧಿಕೃತ ವರ್ಕ್‌ಶಾಪಿಗೆ ಒಯ್ಯಿರಿ. ಹೊಸ ಕಣ್ಣು ಬೇಗ ಹಿಡಿಯುತ್ತದೆ. ಹೊರಗಿನ ತಜ್ಞರಿಂದ ತಪಾಸಣೆ ಮಾಡಿಸುವುದು ಅದರ ನಂತರ. ಅವರು ನೋಡಿ ವರದಿ ಕೊಡಲಿ, ಏನನ್ನೂ ಬಿಚ್ಚಬಾರದು.

ಕಾನೂನಿನ ದಾರಿ ಊರಿಂದ ಊರಿಗೆ ಬೇರೆ. ಅಮೆರಿಕದಲ್ಲಿ 1982ರಲ್ಲಿ ಕನೆಕ್ಟಿಕಟ್ ರಾಜ್ಯ ಶುರು ಮಾಡಿದ ‘ಲೆಮನ್ ಕಾನೂನು’ (ಸರಿಹೋಗದ ಹೊಸ ಕಾರು ಕೊಂಡವರ ರಕ್ಷಣೆಯ ಕಾನೂನು) ಈಗ ಎಲ್ಲ ರಾಜ್ಯಗಳಲ್ಲೂ ಯಾವುದಾದರೂ ರೂಪದಲ್ಲಿದೆ. ಒಂದೇ ದೋಷಕ್ಕೆ ಮೂರು ನಾಲ್ಕು ಸಲ ರಿಪೇರಿ, ಅಥವಾ ಒಟ್ಟು 30 ದಿನ ವರ್ಕ್‌ಶಾಪಿನಲ್ಲಿ ಇದ್ದದ್ದು ಅಲ್ಲಿನ ಸಾಮಾನ್ಯ ಅಳತೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾನೂನಿನಲ್ಲಿ ಮೊದಲ 30 ದಿನದಲ್ಲಿ ದೋಷ ಇರುವ ವಸ್ತುವನ್ನು ತಿರಸ್ಕರಿಸಬಹುದು, ಆಮೇಲಾದರೆ ಡೀಲರಿಗೆ ಸರಿಪಡಿಸಲು ಒಂದು ಅವಕಾಶ ಕೊಡಬೇಕು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಇಷ್ಟು ಸಲ ಎಂಬ ಲೆಕ್ಕ ಇಲ್ಲ, ದೋಷ ಇದೆ ಎಂದು ತೋರಿಸಬೇಕು, ಬೇಕಾದರೆ ಗ್ರಾಹಕ ಆಯೋಗವೇ ಪರೀಕ್ಷೆಗೆ ಕಳಿಸುತ್ತದೆ. ದೂರು ಕೊಡಲು ಎರಡು ವರ್ಷದ ಗಡುವು. ಎಲ್ಲೇ ಆದರೂ ಕೇಳುವುದು ಅದೇ ಜಾಬ್ ಕಾರ್ಡ್, ಅದೇ ದಿನಾಂಕ. ಇಲ್ಲಿಂದ ಮುಂದೆ ವಕೀಲರನ್ನೋ ಗ್ರಾಹಕ ಸಂಘವನ್ನೋ ಕೇಳಿಯೇ ಹೆಜ್ಜೆ ಇಡಿ.

ಸಿಟ್ಟಿನಲ್ಲಿ ಎರಡು ಕೆಲಸ ಮಾಡಬೇಡಿ. ಸಾಲದ ಕಂತು ನಿಲ್ಲಿಸಬೇಡಿ, ಬ್ಯಾಂಕಿಗೆ ನಿಮ್ಮ ಗೇರ್ ಬಾಕ್ಸ್ ಗೊತ್ತಿಲ್ಲ. ಕಾರನ್ನು ವರ್ಕ್‌ಶಾಪಿನಲ್ಲೇ ಬಿಟ್ಟು ಬರಬೇಡಿ, ಬಿಡುವುದಾದರೆ ಯಾಕೆ ಎಂದು ಬರೆದುಕೊಟ್ಟು ಬನ್ನಿ. ವಾಪಸ್ ತೆಗೆದುಕೊಳ್ಳುವಾಗ ‘ತೃಪ್ತಿಯಾಗಿದೆ’ ಎಂಬ ಹಾಳೆಗೆ ಸಹಿ ಕೇಳುತ್ತಾರೆ. ಓಡಿಸಿ ನೋಡದೆ ಹಾಕಬೇಡಿ, ಹಾಕಲೇಬೇಕೆಂದರೆ ಮೇಲೆ ‘ಪರೀಕ್ಷೆಗೆ ಒಳಪಟ್ಟು’ ಎಂದು ಕೈಯಲ್ಲಿ ಬರೆಯಿರಿ.

ಮೇಲಕ್ಕೆ ಹೋದ ಮೇಲೆ ಕಂಪನಿ ರಾಜಿಗೂ ಬರಬಹುದು: ವಾರಂಟಿ ವಿಸ್ತರಣೆ, ಉಚಿತ ಸರ್ವೀಸ್, ಕೆಲವು ಸಲ ಹಣ. ದೋಷ ಸರಿಹೋಗಿದ್ದರೆ ವಿಸ್ತರಣೆ ಒಳ್ಳೆಯದೇ. ಸರಿಹೋಗದ ಕಾರಿಗೆ ವಿಸ್ತರಣೆ ಅಂದರೆ ವರ್ಕ್‌ಶಾಪಿಗೆ ಓಡಾಡುವ ಅವಧಿಯ ವಿಸ್ತರಣೆ, ಅಷ್ಟೇ. ಆ ಪತ್ರದಲ್ಲಿ ‘ಇನ್ನು ಮುಂದೆ ಈ ವಿಷಯವಾಗಿ ಯಾವ ಕ್ಲೇಮೂ ಇಲ್ಲ’ ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ಅದಿದ್ದರೆ, ವಿಸ್ತರಿಸಿದ ವಾರಂಟಿಯೊಳಗೆ ಅದೇ ದೋಷ ಮತ್ತೆ ಬಂದರೆ ಏನು ಎಂಬುದನ್ನೂ ಅದೇ ಪತ್ರದಲ್ಲಿ ಬರೆಸಿಕೊಂಡ ಮೇಲೆ ಸಹಿ ಹಾಕಿ.